ಕೈಗಡ

ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿ ಸಾಲದ ಮೇಜಿನ ಹಿಂದೆ ಕೂತು
'ಜಾಮೀನು ಯಾರು?' ಎಂದು ಕೇಳಿದ ಬಾಯಿ ಇದು.
'ನಾಳೆ ಬರ್ರಿ' ಅಂದದ್ದೂ ಇದೇ.
ಈಗ ಮಾಳಮಡ್ಡಿಯ ಮನೆಯಲ್ಲಿ, ಮಧ್ಯಾಹ್ನ ನಿದ್ದೆ ಹತ್ತದಾಗ
ಫೋನಿನೊಳಗೆ ಮುಖಗಳನ್ನು ಸರಿಸುತ್ತೇನೆ.

ಪಕ್ಕದ ಮನೆಯ ಶಾಂಭವಿ ಕಲಿಸಿಕೊಟ್ಟದ್ದು:
ಐನೂರು ಹಾಕ್ರಿ ಮಾಮಿ, ಬಡ್ಡಿ ಇಲ್ಲ,
ತಿಂಗಳಿಗೆ ನಲವತ್ತೆರಡರಂತೆ ತಿರುಗಿ ಬರ್ತದ,
ಬಂದದ್ದನ್ನ ಮತ್ತೊಬ್ಬರಿಗೆ ಹಾಕ್ರಿ.
ದಾನ ಅಂದ್ರ ದಾನ, ಸಾಲ ಅಂದ್ರ ಸಾಲ.

ನಮ್ಮಪ್ಪ ಇದಕ್ಕೆ ಕೈಗಡ ಅನ್ನುತ್ತಿದ್ದ.
ಸಕ್ಕರೆ ಡಬ್ಬಿಯೊಳಗಿನ ನೋಟು, ಹಿತ್ತಲ ಬಾಗಿಲು,
'ಯಾರ ಮುಂದೂ ಹೇಳಬ್ಯಾಡ್ರಿ' ಅನ್ನುವ ಒಂದು ಮಾತು.
ಬರೆದಿಡುವ ಪದ್ಧತಿ ಇರಲಿಲ್ಲ.
ಇಲ್ಲಿ ಎಲ್ಲ ಬರೆದಿದೆ,
ಕೈ ಮಾತ್ರ ಇಲ್ಲ.

ಎಮ್ಮೆ ಬೇಕಾದವರು, ಹೊಲಿಗೆ ಯಂತ್ರ ಬೇಕಾದವರು,
ನಗುವವರು,
ಫೋಟೋದವ 'ನಗ್ರಿ' ಅಂದದ್ದಕ್ಕೆ ನಕ್ಕವರು.
ಮಂಗಳವಾರದ ಸಂತೆಯಲ್ಲಿ ಬದನೆಕಾಯಿ ತಿರುವಿದ ಹಾಗೆ
ಒಬ್ಬೊಬ್ಬರನ್ನೂ ತಿರುವಿ ನೋಡುತ್ತೇನೆ.
ನಾಚಿಕೆ ಆಗುತ್ತದೆ. ತಿರುವುವುದು ನಿಲ್ಲುವುದಿಲ್ಲ.

ತುಳಜವ್ವ. ವಯಸ್ಸು ನಲವತ್ತೊಂದು. ಹಳೇ ಹುಬ್ಬಳ್ಳಿ.
ಹಳೆ ಸೀರೆ ತಗೊಂಡು ಸ್ಟೀಲಿನ ಪಾತ್ರೆ ಕೊಡುವ ವ್ಯಾಪಾರ.
ಬೋಗಾಣಿ, ಡಬ್ಬಿ, ಚರಿಗೆ ತುಂಬಲು ಹದಿನೆಂಟು ಸಾವಿರ.
ಎಡಹುಬ್ಬಿನ ಮೇಲೊಂದು ಹಳೆ ಗಾಯದ ಗೆರೆ.
ಆಕೆ ನಕ್ಕಿರಲಿಲ್ಲ. ಅದಕ್ಕೇ ಆರಿಸಿದೆ.
ಮೂವತ್ತಾರು ಜನರಲ್ಲಿ ನಾನು ಮೂವತ್ತನಾಲ್ಕನೆಯವಳು.
ಆ ರಾತ್ರಿ ಗಡದ್ದು ನಿದ್ದೆ,
ಎಲ್ಲೋ ಒಂದು ಬುಟ್ಟಿಯಲ್ಲಿ ಒಂದು ಚರಿಗೆ ನನ್ನದು ಅಂತ.

ದೀಪಾವಳಿಗೆ ಇನ್ನೂ ಹತ್ತು ದಿನ. ಓಣಿಯಲ್ಲಿ ಕೂಗು:
'ಹಳೇ ಸೀರೀ... ಹಳೇ ಪ್ಯಾಂಟೂ... ಪಾತ್ರೀ!'
ಗೇಟು ತೆಗೆದೆ. ಹುಬ್ಬಿನ ಮೇಲೆ ಅದೇ ಗೆರೆ.
ಫೋಟೋದಲ್ಲಿ ತಿಳಿಯದ ಎತ್ತರ,
ದವಡೆಯಲ್ಲಿ ಎಲಿಅಡಿಕಿ.

ನಾಲ್ಕು ಸೀರೆ ತಂದು ಹಾಕಿದೆ. ಒಂದು ಇಳಕಲ್ಲಿನದು,
ಮೊದಲ ಪಗಾರದ್ದು.
ಬಿಸಿಲಿಗೆ ಹಿಡಿದಳು. ಸೆರಗಿನ ತೂತಿನಲ್ಲಿ ಬೆರಳು ತೂರಿಸಿ
ನನಗೇ ತೋರಿಸಿದಳು.
'ಜೀವ ಇಲ್ರಿ ಬಾಯಾರ ಇದರಾಗ.'
ಉತಾರ, ಪಾವತಿ, ಮನೆಪತ್ರ,
ಎಲ್ಲವನ್ನೂ ನಾನೂ ಹೀಗೇ ಬೆಳಕಿಗೆ ಹಿಡಿಯುತ್ತಿದ್ದೆ.

ಆ ದೊಡ್ಡ ಬೋಗಾಣಿ ಕೊಡು ಅಂದೆ.
'ಆಗಂಗಿಲ್ರಿ.'
ಮುಚ್ಚಳದ ಡಬ್ಬಿ?
'ಗಿಟ್ಟಂಗಿಲ್ರಿ ನನಗ. ಕಂತ ಕಟ್ಟೂದೈತಿ.'

ಕಂತು ನನಗೇ ಕಟ್ಟುವುದವ್ವಾ,
ಮಾತು ಬಂದು ಹಲ್ಲಿಗೆ ತಾಗಿತು.
ಆಕೆ ಬುಟ್ಟಿ ಇಳಿಸಿ 'ಅಯ್ಯ, ನೀವನ್ರಿ!' ಅನ್ನಬೇಕು,
ಕಟ್ಟೆಯ ಮೇಲಿನ ದೇಸಾಯರ ಸೊಸೆ ಅದನ್ನು ಕೇಳಬೇಕು.
ಬಡ್ಡಿ ಇಲ್ಲ ಅಂದಿದ್ದಳು ಶಾಂಭವಿ.
ಇತ್ತು. ನನ್ನ ಬಾಯಲ್ಲೇ ಇತ್ತು.

ನುಂಗಿದೆ. ಸುಲಭಕ್ಕೆ ಇಳಿಯಲಿಲ್ಲ.
ಸೇಡಿಗೆಂಬಂತೆ ಇನ್ನೂ ಸ್ವಲ್ಪ ಚೌಕಾಸಿ ಮಾಡಿ
ಐದನೆಯ ಸೀರೆಯನ್ನೂ ಕಳೆದುಕೊಂಡೆ.
ಸಿಕ್ಕದ್ದು ಒಂದು ಸೌಟು, ಅಂಗೈಯಷ್ಟು ಬಟ್ಟಲು.

'ನೀರ ಕೊಡ್ರಿ' ಅಂದಳು. ತಂಬಿಗೆ ತಂದೆ.
ಕತ್ತೆತ್ತಿ ಗಟಗಟ ಕುಡಿದು ತಿರುಗಿ ಕೊಟ್ಟಳು.
ಬೆರಳಿಗೆ ಬೆರಳು ತಾಗಿತು. ಒರಟು, ಬಿಸಿ.
ಇಳಕಲ್ಲಿನ ಸೀರೆ ಬುಟ್ಟಿಯ ಮೇಲೆ ಕೂತು
ತೇಜಸ್ವಿನಗರದ ಕಡೆ ಹೋಯಿತು.

ಐದನೆಯ ತಾರೀಖು ಫೋನು ಟಿಣ್ ಅಂತು:
ನಲವತ್ತೆರಡು ರೂಪಾಯಿ ಜಮಾ.
ಇದರಲ್ಲಿ ನನ್ನ ಸೆರಗಿನ ಪಾಲೆಷ್ಟು,
ಹಳೆಯ ಚಾಳಿ, ಪೆನ್ನು ಹಿಡಿದು ಲೆಕ್ಕಕ್ಕೆ ಕೂತೆ.
ಒಳಗೆ ಹಾಲು ಉಕ್ಕಿತು. ಎದ್ದೆ.

ಬಟ್ಟಲಿನ ತಳ ಸ್ವಲ್ಪ ಓರೆ.
ಇಟ್ಟಲ್ಲಿ ನಿಲ್ಲುವುದಿಲ್ಲ,
ಮುಟ್ಟಿದರೆ ಬಹಳ ಹೊತ್ತು ತೂಗುತ್ತದೆ.