ದೀಪಕ್ಕೆ ಬೇರೆ ದಾರಿ

ಥಂಡರ್ ಬೇಯ ಗರಾಜಿನಲ್ಲಿ ಎಯ್ನೋನ ಗರಗಸ
ಬರ್ಚ್ ಹಲಗೆಯನ್ನು ಅರ್ಧ ಸೀಳಿ
ಗಂಟಿಗೆ ತಗುಲಿ ಏದುಸಿರು ಬಿಟ್ಟಿತ್ತು.
ಹೀಟರು, ದೀಪ, ಗರಗಸ
ಮೂರೂ ಒಂದೇ ತಂತಿಗೆ ಜೋತುಬಿದ್ದ ಕಾಲ.
ಬ್ರೇಕರ್ ಟಪ್ಪೆಂದಿತು.

ಕತ್ತಲು.
ಕರೆಂಟು ಹೋದದ್ದು ಅಲಗಿಗೆ ಗೊತ್ತಿರಲಿಲ್ಲ,
ಸುಂಯ್ ಎನ್ನುತ್ತ ತಿರುಗುತ್ತಲೇ ಇತ್ತು,
ಎಲ್ಲಿದ್ದೇನೆಂದು ಹೇಳದೆ.
ಎಯ್ನೋ ಎರಡೂ ಕೈ ಎತ್ತಿ ನಿಂತಿದ್ದನಂತೆ,
ಶರಣಾದವನ ಹಾಗೆ.
ಬೆರಳು ಎಣಿಸಿಕೊಂಡದ್ದು ಆಮೇಲೆ.

ಇವತ್ತು ಪ್ಯಾನೆಲ್ ಬಿಚ್ಚಿದ್ದೇನೆ.
ಗರಗಸಕ್ಕೆ ಇನ್ನೂರನಲವತ್ತು ವೋಲ್ಟು:
ಕಪ್ಪು, ಕೆಂಪು, ಎರಡರಲ್ಲೂ ಜೀವ;
ಬೋಳು ತಾಮ್ರ ಮಣ್ಣಿನ ಪಾಲು.
'ಇಷ್ಟೊಂದು ತಂತಿಯೇ, ಹಿಲ್ಕಾ?'
ಮುದುಕ ಗೊಣಗುತ್ತಾನೆ. ಅವನ ಕಾಫಿ ಆರುತ್ತಿದೆ.
ಹೊರಗೆ ಮೈನಸ್ ಇಪ್ಪತ್ತೆಂಟು.
ನನ್ನ ಬೆರಳೂ ಇಕ್ಕಳವೂ ಒಂದೇ ತಣ್ಣಗೆ.

ಕೊನೆಗೆ ದೀಪ.
ಅದಕ್ಕೆ ಯಾರ ನಂಟೂ ಬೇಡವೆಂದು
ಮಾಡಿನುದ್ದಕ್ಕೂ ಬೇರೆಯೇ ತಂತಿ ಎಳೆದೆ.

ಗರಗಸ ಹಚ್ಚಿ
ಬೇಕೆಂದೇ ಬ್ರೇಕರ್ ಬೀಳಿಸಿ ತೋರಿಸಿದೆ:
ಬೂದು ಮಂಜಿನಂತಿದ್ದ ಅಲಗು
ಮೆಲ್ಲಗೆ, ಹಲ್ಲು ಹಲ್ಲಾಗಿ,
ಕಣ್ಣೆದುರೇ ನಿಂತಿತು.

ಅಷ್ಟು ಬೆಳಕಿನಲ್ಲೂ
ಕೈ ಎತ್ತಿಯೇ ಇದ್ದ ಎಯ್ನೋ,
ನಾನು ನೋಡಿದ್ದು ನೋಡಿ
ಲೋಟದ ಕಡೆ ಚಾಚಿದ.