ಕರಡು ತಿದ್ದುವವಳು, ಮಟನ್ ಸ್ಟ್ರೀಟಿನಲ್ಲಿ

ಶುಕ್ರವಾರದ ನಮಾಜು ಮುಗಿದು, ಚಪ್ಪಲಿಗಳೆಲ್ಲ
ತಂತಮ್ಮ ಕಾಲು ಹುಡುಕಿಕೊಂಡ ಮೇಲೆ
ಜುಜರ್ ಭಾಯ್ ಅಂಗಡಿಯ ಶಟರು ಅರ್ಧ ಎತ್ತುತ್ತಾರೆ.
ಒಳಗೆ ಗ್ರಾಮಫೋನಿನ ಕಹಳೆ, ಹಡಗಿನ ಲಾಂದ್ರ,
ಯಾವುದೋ ಪಾರ್ಸಿ ಅಜ್ಜನ ಕಪ್ಪು ಟೊಪ್ಪಿ.
ನನಗೊಂದು ಸ್ಟೂಲು, ಕಟಿಂಗ್ ಚಹಾ,
ಮತ್ತೆ ಪೋಸ್ಟರುಗಳ ಕಟ್ಟು.

ಫೋರ್ಟಿನ ಕನ್ನಡ ಪ್ರೆಸ್ಸಿನಲ್ಲಿ ಮೂವತ್ತೊಂದು ವರ್ಷ
ಅಲ್ಪಪ್ರಾಣ ಮಹಾಪ್ರಾಣ ಕಾಯ್ದವಳು ನಾನು:
ಲಗ್ನಪತ್ರಿಕೆಯಲ್ಲಿ ವಧು ‘ವದು’ವಾಗದಂತೆ,
ಶ್ರದ್ಧಾಂಜಲಿಯಲ್ಲಿ ಸತ್ತವರು
ಮಗನಿಗಿಂತ ಕಿರಿಯರಾಗದಂತೆ.
ಪ್ರೆಸ್ಸು ಮುಚ್ಚಿತು. ಕಣ್ಣು ಮುಚ್ಚಲಿಲ್ಲ.

“ತಪ್ಪು ಹುಡುಕಿಕೊಡಿ ಬಾಯಿ,
ತಪ್ಪಿದ್ದರೆ ಗಿರಾಕಿ ದುಪ್ಪಟ್ಟು ಕೊಡ್ತಾನೆ.”
ತಪ್ಪಿಗೆ ಸಂಬಳ ಮುರಿದುಕೊಳ್ಳುವ ಲೋಕದಿಂದ ಬಂದವಳು,
ಈ ಲೆಕ್ಕ ಅರ್ಥವಾಗಲು ಎರಡು ಶುಕ್ರವಾರ ಬೇಕಾಯಿತು.

ಡಾಕುವಿನ ಕುದುರೆಗೆ ಐದು ಕಾಲು.
ಐದನೆಯದು ಬಹುಶಃ
ಬಾಕಿ ಉಳಿಸಿಕೊಂಡ ನಿರ್ಮಾಪಕನನ್ನು ಒದೆಯಲು.
ಹಳಿಯೇ ಇಲ್ಲದೆ ಓಡುವ ಪಂಜಾಬ್ ಮೇಲು.
‘ಸಂಗೀತ’ದ ಚುಕ್ಕೆ ಹಾರಿ ‘ಸಗೀತ’.
ಉರ್ದು ನನಗೆ ಬಾರದು; ಅದನ್ನು ಭಾಯ್ ನೋಡುತ್ತಾರೆ:
ಮೇಲಿನ ಚುಕ್ಕೆ ಕೆಳಗಿಳಿದು ಖುದಾ ಜುದಾ ಆಗಿಬಿಟ್ಟಿದ್ದಾನೆ,
ಕಿವಿ ಮುಟ್ಟಿಕೊಂಡು ನಗುತ್ತಾರೆ.
ಇನ್ನೊಬ್ಬಳ ಕಣ್ಣೀರು ಕೆನ್ನೆಗಿಳಿಯದೆ ಕಿವಿಯತ್ತ ಹರಿದಿದೆ.
ಇದು ತಪ್ಪಲ್ಲ ಅಂದೆ.
ಮಲಗಿ ಅತ್ತವಳನ್ನು ಕತ್ತರಿಸಿ
ನಿಲ್ಲಿಸಿ ಅಂಟಿಸಿದ್ದಾರೆ, ಅಷ್ಟೇ.

ಹೋದ ವಾರ ಕಟ್ಟಿನ ತಳದಲ್ಲಿ ‘ನೀಲಾ ಲಿಫಾಫಾ’.
ಮಡಿಕೆಗಳಲ್ಲಿ ಬಿಳಿಚಿದ ನೀಲಿ, ಗೆದ್ದಲು ತಿಂದ ನಾಯಕನ ಭುಜ,
ಮೂಲೆಯಲ್ಲಿ ಠಾಕುರದ್ವಾರದ ಸ್ಟುಡಿಯೋ ಹೆಸರು.
ನೀಲಾದ ‘ಲಾ’ ನೆಟ್ಟಗಿತ್ತು,
ಸ್ಕೇಲಿಟ್ಟು ಎಳೆದ ಶಿರೋರೇಖೆ.
ಲಿಫಾಫಾದ ‘ಲಿ’ಗೆ ಬರುವಷ್ಟರಲ್ಲಿ
ಹಿಂದಿ ಅಕ್ಷರದ ನೆತ್ತಿಯ ಮೇಲೆ
ಗೆರೆ ತುದಿಯಲ್ಲಿ ಕೊಂಕಿ ಮೇಲೆದ್ದಿತ್ತು.
ತಲೆಕಟ್ಟು.
ನಮ್ಮ ತಲೆಕಟ್ಟು.

ಅಪ್ಪ ಹೇಳುತ್ತಿದ್ದ: ನಾನೊಂದು ಪಿಕ್ಚರಿನ ಹೆಸರು ಬರೆದಿದ್ದೇನೆ.
ಸ್ಟುಡಿಯೋಗೆ ಚಹಾ ಒಯ್ಯುವ ಹುಡುಗ ದೂಮಣ್ಣ,
ಅಕ್ಷರದ ಪೇಂಟರು ಕುಡಿದು ಬಿದ್ದ ರಾತ್ರಿ
ಗ್ಲಾಸಿನ ತಟ್ಟೆ ಕೆಳಗಿಟ್ಟು ಕುಂಚ ಹಿಡಿದನಂತೆ.
ಕಲಿತದ್ದು ರಾತ್ರಿಶಾಲೆಯ ಮೂರನೇ ಇಯತ್ತೆ, ಅದೂ ಕನ್ನಡ.
ಅಮ್ಮ ಬಂಗುಡೆ ತಿರುವಿಹಾಕುತ್ತ
“ಹೌದು, ಹೀರೋನೂ ನೀವೇ” ಅನ್ನುತ್ತಿದ್ದಳು.
ಯಾವ ಪಿಕ್ಚರು ಅಂತ ಒಬ್ಬರೂ ಕೇಳಲಿಲ್ಲ.
ನಾನೂ ಕೇಳಲಿಲ್ಲ, ನನಗೆ ಪ್ರೂಫು ಇತ್ತು.

ನನ್ನ ಕಸುಬಿಗೆ ಇಷ್ಟು ಗೊತ್ತು:
ಮೊದಲ ಸಲ ಕೈ ನೋಡಿ ಬರೆಯುತ್ತದೆ,
ಎರಡನೇ ಸಲ ಅಭ್ಯಾಸದಿಂದ.
ತಪ್ಪು ಬೀಳುವುದು ಎರಡನೆಯದರಲ್ಲಿ,
ಧೈರ್ಯ ಬಂದ ಮೇಲೆ.

ಕುಂಚ ಜಾರಿದ್ದೂ ಇರಬಹುದು.
ಕೆಳಗಿಂದ ಯಾರೋ ಕರೆದಿರಬಹುದು,
ಏಣಿ ಅಲುಗಿರಬಹುದು, ಪೇಂಟರು
ಅಷ್ಟು ಕುಡಿಯದೆಯೂ ಇರಬಹುದು.

“ಏನಾದ್ರೂ ಸಿಕ್ತಾ?” ಭಾಯ್ ಕನ್ನಡಕ ಏರಿಸಿದರು.
ಸಿಕ್ಕಿತೆಂದರೆ ಬೆಲೆ ಎರಡರಷ್ಟು,
ನನ್ನ ಪೆನ್ಶನ್ನಿಗೆ ನಿಲುಕದು.
“ಏನಿಲ್ಲ,” ಅಂದೆ. “ಎಲ್ಲ ಸರಿ ಇದೆ.”
ಮೂವತ್ತೊಂದು ವರ್ಷದಲ್ಲಿ ಹಾಗೆ ಸಹಿ ಹಾಕಿದ್ದು ಅದೇ ಮೊದಲು.

ಒಂಬೈನೂರು ಕೊಟ್ಟೆ, ಚೌಕಾಸಿ ಮಾಡಲಿಲ್ಲ.
ಅದಕ್ಕೇ ಅವರಿಗೆ ಅನುಮಾನ ಬಂದಿರಬೇಕು;
ಗ್ರ್ಯಾಂಟ್ ರೋಡಿನ ಕಡೆ ತಿರುಗುವವರೆಗೂ
ಬೆನ್ನ ಮೇಲೆ ಅವರ ಕಣ್ಣಿತ್ತು.

ಮನೆಯಲ್ಲಿ, ಡೋಂಬಿವಿಲಿಯ ಅಡುಗೆಮನೆಯ ಗೋಡೆಗೆ
ನಾಲ್ಕು ಮೂಲೆಗೆ ಟೇಪು ಹಚ್ಚಿ ನಿಂತು ನೋಡಿದೆ.
ಹಳೆಯ ಕೈ ತಾನಾಗಿ ಕೆಂಪು ಪೆನ್ನು ಹುಡುಕಿತು.
ಹೊಡೆದುಹಾಕಿದ ಅಕ್ಷರ ಉಳಿಯಬೇಕೆಂದರೆ
ಅದರಡಿ ಚುಕ್ಕೆ ಸಾಲಿಟ್ಟು
ಅಂಚಿನಲ್ಲಿ ‘ಇರಲಿ’ ಎಂದು ಬರೆಯುವುದು ನಮ್ಮ ಪದ್ಧತಿ.
ಯಾರೂ ಹೊಡೆದುಹಾಕಿರಲಿಲ್ಲ.
ಪೆನ್ನಿನ ಕ್ಯಾಪು ಮುಚ್ಚಿ
ಒಲೆಯ ಮೇಲೆ ಒಬ್ಬಳಿಗೆ ಬೇಕಾದಷ್ಟು ನೀರಿಟ್ಟೆ,
ಆಮೇಲೆ ಇನ್ನೊಂದು ಲೋಟ ಸುರಿದೆ.