ಷರಾ

ಬೈತಖೋಲಿನ ಬಂದರು ಕಚೇರಿಯ ಹುಡುಗ
ಕಪಾಟಿನ ಮೇಲಿಂದ ಧೂಳು ಕೊಡವಿ ಇಳಿಸಿಕೊಟ್ಟ:
‘ಇವೇ ನೋಡಿ ಬಾಯಿ, ನಿಮ್ಮಪ್ಪನ ಕಾಲದ ಪುಸ್ತಕ.
ಬೇಗ ನೋಡಿ, ಸೋಮವಾರ ರದ್ದಿಗೆ ಹೋಗ್ತವೆ.’

ನಾವು ಬಂದದ್ದು ಆಯಿಯ ಪಿಂಚಣಿಗೆ.
ಮೂರು ಫೋಟೊ, ಎರಡು ಜೆರಾಕ್ಸು,
ಮರಣ ದಾಖಲೆಯಲ್ಲಿ ದತ್ತಾರಾಮ ನಾಗ್ವೇಕರ
ದತ್ತರಾಮನಾಗಿದ್ದಾನೆ.
ಅಪ್ಪನೇ ಇದ್ದಿದ್ದರೆ ಆ ಒಂದು ದೀರ್ಘಕ್ಕಾಗಿ
ಕೊಡೆ ಹಿಡಿದು ಮೂರು ಸಲ ನಡೆದು ಹೋಗುತ್ತಿದ್ದ,
ತಿದ್ದಿಸಿಕೊಂಡು ಬಂದು
ಏನೂ ಆಗಿಲ್ಲವೆಂಬಂತೆ ಪೇಜ ಉಣ್ಣುತ್ತಿದ್ದ.

ಮೂವತ್ತೊಂದು ವರ್ಷ ಅವನು ಬರೆದದ್ದು ಇಷ್ಟೇ:
ಭರತ ಇಷ್ಟು, ಇಳಿತ ಇಷ್ಟು, ಗಾಳಿ ನೈರುತ್ಯ,
ಕೊನೆಗೆ ಷರಾ ಎಂಬ ಅಂಕಣದಲ್ಲಿ
‘ಏನಿಲ್ಲ’.
ಏನಿಲ್ಲ, ಏನಿಲ್ಲ, ಏನಿಲ್ಲ,
ಪುಟದಿಂದ ಪುಟಕ್ಕೆ ನೀಲಿ ಶಾಯಿ.
ಸಮುದ್ರದ ಬಗ್ಗೆ ಅವನಿಗೆ ಬೇರೆ ಅಭಿಪ್ರಾಯವಿರಲಿಲ್ಲ.
ಸಂಜೆ ದಂಡೆಯ ಮೇಲೆ ಊರೆಲ್ಲ ಸೂರ್ಯನ ಕಡೆ ನಿಂತರೆ
ಅವನ ಮುಖ ಜೆಟ್ಟಿಯ ಅಳತೆಗಂಬದ ಕಡೆ.

ಮನೆಯಲ್ಲೂ ಅದೇ.
ಅಡುಗೆಮನೆ ಬಾಗಿಲಿಗೆ ನಮ್ಮಿಬ್ಬರನ್ನೂ ಒರಗಿಸಿ
ತಲೆಯ ಮೇಲೆ ಫೂಟುಪಟ್ಟಿ ಇಟ್ಟು
ಒಂದು ಗೆರೆ, ತಾರೀಖು, ವೇಳೆ.
ವೇಳೆ ಯಾಕಪ್ಪಾ ಎಂದರೆ,
‘ಸಂಜೆಗೆ ಮನುಷ್ಯ ಕೂದಲೆಳೆಯಷ್ಟು ಇಳೀತಾನೆ ಮಗಾ.’
ಆಯಿ ಮಣಿಕಟ್ಟು ಮುರಿದುಕೊಂಡ ವರ್ಷ
ನಮ್ಮ ಜಡೆ ಹೆಣೆದವನು ಅವನೇ,
ದೋಣಿ ಕಟ್ಟುವ ಗಂಟು ಹಾಕಿ.
ಯಾರಿಂದಲೂ ಬಿಚ್ಚಲಾಗಲಿಲ್ಲ.
ಅವನ ರಾತ್ರಿ ಪಾಳಿ ಮುಗಿಯುವ ತನಕ
ಜಡೆ ಸಮೇತ ಮಲಗಿದೆವು.

ಕಂಬಕ್ಕೆ ಮೂರನೇ ನಂಬರು ಏರಿತೆಂದರೆ
ಪೇಟೆಯಲ್ಲಿ ಅವನಿಗೆ ಯಾರೂ ಮೀನು ಕೊಡುತ್ತಿರಲಿಲ್ಲ.
ಗಾಳಿ ಬರದೇ ಹೋದರಂತೂ ಮುಗಿದೇ ಹೋಯಿತು:
‘ನಿನ್ನ ಗಂಡನ ಸಿಗ್ನಲ್ಲು ನಮ್ಮ ಒಲೆ ಆರಿಸ್ತು’
ಎಂದು ಆಯಿಯ ಮುಂದೆ ಬುಟ್ಟಿ ಮುಚ್ಚಿದವಳು
ಶೇವಂತಿ ಹರಿಕಂತ್ರ.
ಅವಳ ಮೈದುನ ಆ ಕಂಬ ನೋಡಿಯೂ ಹೋಗಿ
ತಿರುಗಿ ಬರದ ವರ್ಷ
ಅಪ್ಪ ಮೂರು ರಾತ್ರಿ ಜೆಟ್ಟಿಯ ತುದಿಯಲ್ಲಿ ಕೂತ,
ರಜೆ ಹಾಕಿ.
ಡ್ಯೂಟಿಯ ಮೇಲೆ ಕೂತರೆ
ಅದು ಕೆಲಸವಾಗ್ತದೆ, ಅಂದ.

ಹೋದ ತಿಂಗಳು, ಹತ್ತನೇ ದಿನಕ್ಕೆ, ಶೇವಂತಿ ಬಂದಳು.
ಅಳಲಿಲ್ಲ.
‘ಬರದ ಗಾಳಿಗೂ ಹೆದರಿಸಿದ, ಬಂದ ಗಾಳಿಗೂ ಹೆದರಿಸಿದ,
ಸುಳ್ಳು ಮಾತ್ರ ಹೇಳಿದವನಲ್ಲ’
ಎಂದು ತಿಸರೆಯ ಚೀಲ ಹೊಸ್ತಿಲಲ್ಲಿಟ್ಟು
ಸೂತಕದ ಮನೆ ಎಂದು ಆಮೇಲೆ ನೆನಪಾಗಿ
ನಾಲಗೆ ಕಚ್ಚಿ ವಾಪಸ್ ಎತ್ತಿಕೊಂಡಳು.
ಅವನು ಹೋದ ಮೇಲೆ ಆಯಿ ನಕ್ಕದ್ದು
ಅದೇ ಮೊದಲು.

ಈಗ ಇಲ್ಲಿ, ಟ್ಯೂಬ್‌ಲೈಟಿನ ಕೆಳಗೆ,
ನಾನು ಹುಟ್ಟಿದ ತಾರೀಖು ಹುಡುಕುತ್ತಿದ್ದೇನೆ.
ಅಕ್ಟೋಬರ್ ಹದಿನೇಳು. ಆ ರಾತ್ರಿಯ ಕತೆ ಕೇಳಿ ಕೇಳಿ
ನನಗೆ ಬಾಯಿಪಾಠ:
ಆಸ್ಪತ್ರೆಗೆ ಬರಲೇ ಇಲ್ಲ ಪುಣ್ಯಾತ್ಮ,
ಕೆಂಪು ದೀಪ ಕಾಯುತ್ತ ಕಂಬದ ಬುಡದಲ್ಲಿದ್ದ,
ಮಗಳ ಮುಖ ನೋಡಿದ್ದು ಮೂರನೇ ದಿನ.

ಸಿಕ್ಕಿತು.
ಭರತದ ಅಂಕೆಯನ್ನು ಹೊಡೆದು ಹಾಕಿ
ಮೇಲೆ ಇನ್ನೊಂದು ಅಂಕೆ,
ಅದನ್ನೂ ಹೊಡೆದು ಮತ್ತೆ ಮೊದಲಿನದೇ,
ಪಕ್ಕದಲ್ಲಿ ಪುಟ್ಟ ಸಹಿ, ವೇಳೆ.
ನಾನು ಮಗುಚಿದ ಇಷ್ಟು ಪುಟಗಳಲ್ಲಿ
ಒಂದೇ ಒಂದು ಚಿತ್ತು.
ಷರಾದಲ್ಲಿ ‘ಏನಿಲ್ಲ’ ಇಲ್ಲ.
ಅಂಕಣ ಖಾಲಿ ಬಿಟ್ಟಿದ್ದಾನೆ.

ಆಯಿಯ ಮುಂದೆ ಹಿಡಿದೆ.
ಕನ್ನಡಕ ಮೂಗಿಗೇರಿಸಿ, ಬೆರಳಿಟ್ಟು,
ಎಷ್ಟೋ ಹೊತ್ತು ಆ ಖಾಲಿ ಚೌಕ ಓದಿದಳು.
‘ಪೆನ್ನು ಸೋರಿರಬೇಕು’ ಅಂದಳು.

ಆಮೇಲೆ ಹುಡುಗನ ಕಡೆ ತಿರುಗಿ,
‘ಸೋಮವಾರ ಅಂದ್ಯಲ್ಲ ತಮ್ಮಾ,
ಎಷ್ಟು ಗಂಟೆಗೆ?’